ರ‍್ಯಾಮ್‌ಗಳ ಪಂಕ್ತಿ

ಮರ್ಗಿಲಾನಿನ ಹಳೆಯ ರೇಷ್ಮೆ ಗಿರಣಿಯ ಹಿಂದಿನ ಓಣಿಯಲ್ಲಿ ಎರ್ಗಾಶನನ್ನು ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಅವನು ಇಂಜಿನಿಯರಿಂಗ್ ಓದಿದವನಲ್ಲ, ಗಿರಣಿಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದವನು. ಗಿರಣಿಗೆ ಕಂಪ್ಯೂಟರುಗಳು ಬಂದ ಹೊಸತರಲ್ಲಿ ಅವುಗಳನ್ನು ಚಾಲು ಮಾಡುವುದು ಹೇಗೆ, ಬಂದ್ ಮಾಡುವುದು ಹೇಗೆ ಎಂದು ನೌಕರರಿಗೆ ಒಂದು ತರಬೇತಿ ಕೊಟ್ಟಿದ್ದರು. ಎರ್ಗಾಶ್ ಚಾಲು ಮಾಡುವ ಪಾಠಕ್ಕೆ ಹೋಗಿದ್ದ. ಬಂದ್ ಮಾಡುವ ಪಾಠದ ದಿನ ಅವನ ಸೋದರಮಾವನ ಮನೆಯಲ್ಲಿ ಮದುವೆಯಿತ್ತು. ಆದರೂ ಪ್ರಮಾಣಪತ್ರ ಪೂರ್ತಿಯಾಗಿಯೇ ಸಿಕ್ಕಿತು. ಅದು ಈಗಲೂ ಅವನ ನಡುಮನೆಯಲ್ಲಿ, ಮಡಿಸಿಟ್ಟ ರಜಾಯಿಗಳ ರಾಶಿಯ ಮೇಲ್ಗಡೆ, ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿದೆ.

ಗಿರಣಿಯ ಕಚೇರಿ ಮುಚ್ಚಿದಾಗ ಆ ಹಳೆಯ ಕಂಪ್ಯೂಟರುಗಳನ್ನು ನೌಕರರಿಗೇ ಹಂಚಿಬಿಟ್ಟರು. ಎಲ್ಲವೂ ಒಂದೇ ತಾಯಿ ಹೆತ್ತಂಥ ಪೆಟ್ಟಿಗೆಗಳು. ಗಿರಣಿ ಬಿಟ್ಟು ತಂದೂರಿನಲ್ಲಿ ರೊಟ್ಟಿ ಸುಡುವ ಸಾಬಿತನ ಮನೆಯಲ್ಲಿ ಅದು ಹಿಟ್ಟಿನ ಮೂಟೆಗೆ ಮಣೆಯಾಯಿತು. ಮೊಹಲ್ಲಾದ ಹಿರಿಯ ಹಾಶಿಮ್ ಒತಾ ಅದರ ಮೇಲೆ ಕಸೂತಿ ಬಟ್ಟೆ ಹಾಸಿ ಟಿವಿ ಕೂರಿಸಿದರು. ಲೆಕ್ಕದ ಟೀಚರಾಗಿ ನಿವೃತ್ತರಾದ ಓಯ್ನಿಸಾ ಖಾಲಾ ಗಂಡನ ಪಾಲಿಗೆ ಬಂದ ಪೆಟ್ಟಿಗೆಯನ್ನು ಕೋಳಿಗಳಿಗೆ ಬಿಟ್ಟುಕೊಟ್ಟರು. ಇಡೀ ಓಣಿಯಲ್ಲಿ ಕಂಪ್ಯೂಟರು ಕಂಪ್ಯೂಟರಾಗಿಯೇ ಉಳಿದದ್ದು ಎರ್ಗಾಶನ ಮನೆಯಲ್ಲಿ ಮಾತ್ರ. ಅದಕ್ಕೆ ಕಾರಣ ಎರ್ಗಾಶನಲ್ಲ, ಅವನ ಹೆಂಡತಿ ರೋಬಿಯಾ.

ರೋಬಿಯಾ ಅಟ್ಲಾಸ್ ರೇಷ್ಮೆಗೆ ವಿನ್ಯಾಸ ಬರೆಯುವವಳು. ಬಾದಾಮಿ, ದಾಳಿಂಬೆ, ಬಾಚಣಿಗೆ ಹಲ್ಲು ಅವಳ ಕೈಯಲ್ಲಿ ನೀರಿನಂತೆ ಹರಿಯುತ್ತಿದ್ದವು. ಆದರೆ ಅವಳು ಬರೆದದ್ದೆಲ್ಲ ಇಷ್ಟು ವರ್ಷವೂ ಕಾರ್ಖಾನೆಯ ಉಸ್ತಾದರ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗಿತ್ತು. ಈ ಸಲ ತಾಷ್ಕೆಂಟಿನ ಪ್ರದರ್ಶನವೊಂದಕ್ಕೆ ಹೊಸ ವಿನ್ಯಾಸಗಳನ್ನು ಕರೆದಿದ್ದರು. ಬರೆದವರೇ ತಮ್ಮ ಹೆಸರಿನಲ್ಲಿ ಕಳಿಸಬೇಕು, ಶುಕ್ರವಾರ ಸಂಜೆ ಕಚೇರಿ ಮುಚ್ಚುವುದರೊಳಗೆ ತಲುಪಬೇಕು. ರೋಬಿಯಾ ಚಳಿಗಾಲವೆಲ್ಲ ಕೂತು ಕಂಪ್ಯೂಟರಿನಲ್ಲಿ ಒಂದು ದಾಳಿಂಬೆ ವಿನ್ಯಾಸ ಬರೆದಿದ್ದಳು. ಕೊನೆಯ ಅಂಚು ಮಾತ್ರ ಬಾಕಿಯಿತ್ತು.

ಅಂಥ ಹೊತ್ತಿಗೆ ಕಂಪ್ಯೂಟರು ಮೊಂಡು ಹಿಡಿಯಿತು. ಫೈಲು ತೆರೆಯಲು ಹೇಳಿ, ಒಲೆಗೆ ಕೆಟಲ್ ಇಟ್ಟು, ಚಹಾ ಕುಡಿದು, ಪಾತ್ರೆ ತೊಳೆದು ಬಂದರೂ ಅದು ಇನ್ನೂ ಯೋಚಿಸುತ್ತಲೇ ಇರುತ್ತಿತ್ತು. ತೆರೆದರೂ ಒಂದು ದಾಳಿಂಬೆ ಬರೆಯುವಷ್ಟರಲ್ಲಿ ಪರದೆ ನೀಲಿಯಾಗಿ, ಏನೇನೋ ಬಿಳಿ ಅಕ್ಷರ ಉಗುಳಿ, ತಾನಾಗಿ ಸತ್ತು ತಾನಾಗಿ ಹುಟ್ಟುತ್ತಿತ್ತು.

"ರೀ, ಬಜಾರಿನ ರಿಪೇರಿ ಇಲ್ಹೋಮನ್ನ ಕರ್ಕೊಂಡ್ ಬನ್ನಿ," ಎಂದಳು ರೋಬಿಯಾ.

"ಮನೇಲಿ ಇಂಜಿನಿಯರ್ ಇಟ್ಕೊಂಡು ಬಜಾರಿಗೆ ಹೋಗ್ತಾರೇನೇ?" ಎಂದ ಎರ್ಗಾಶ್.

ಮನೆಯ ಇಂಜಿನಿಯರು ಮೊದಲು ಪೆಟ್ಟಿಗೆಯ ಬೆನ್ನು ತಟ್ಟಿದ. ಆಮೇಲೆ ಸ್ವಲ್ಪ ಜೋರಾಗಿ ತಟ್ಟಿದ. ಓಯ್ನಿಸಾ ಖಾಲಾ ಬಂದು, "ದೃಷ್ಟಿ ಕಣಪ್ಪ, ದೃಷ್ಟಿ. ಇಡೀ ಓಣೀಲಿ ಓಡೋದು ಇದೊಂದೇ ಅಂದ್ರೆ ಜನರ ಕಣ್ಣು ಸುಮ್ನಿರುತ್ತಾ?" ಎಂದು ಇಸಿರಿಕ್ ಸೊಪ್ಪಿನ ಹೊಗೆ ಹಾಕಿದರು. ಹಸುಗೂಸಿಗೂ ಹೊಸ ಕಾರಿಗೂ ಹಾಕುವ ಹೊಗೆಯೇ. ಕಂಪ್ಯೂಟರಿನ ಫ್ಯಾನು ಅದನ್ನು ಭಕ್ತಿಯಿಂದ ಒಳಗೆಳೆದುಕೊಂಡಿತು. ಎರಡು ದಿನ ಆ ಪೆಟ್ಟಿಗೆ ಚಾಲು ಮಾಡಿದರೆ ಮನೆಯೆಲ್ಲ ಪವಿತ್ರವಾದ ವಾಸನೆ ಬರುತ್ತಿತ್ತು. ರೋಗ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಎರ್ಗಾಶ್ ಯಾರಿಗೂ ಕಾಣದಂತೆ ಇಲ್ಹೋಮನ ಅಂಗಡಿಗೆ ಹೋಗಿ, 'ನನ್ನೊಬ್ಬ ಗೆಳೆಯನ ಕಂಪ್ಯೂಟರು' ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದ. ಇಲ್ಹೋಮ್ ಒಂದು ಸಿ.ಡಿ. ಕೊಟ್ಟ.

"ಗೆಳೆಯಂಗೆ ಹೇಳಿ ಎರ್ಗಾಶ್ ಅಕಾ, ರ‍್ಯಾಮ್ ಸಾಲ್ತಿಲ್ಲ, ಅದಕ್ಕೇ ನಿಧಾನ. ಕೆಟ್ಟಿರಲೂಬಹುದು. ಈ ಸಿ.ಡಿ. ಹಾಕಿದ್ರೆ ಅದೇ ಪರೀಕ್ಷೆ ಮಾಡುತ್ತೆ. ಕೆಂಪು ಗೆರೆ ಬಂದ್ರೆ ರ‍್ಯಾಮ್ ಕೆಟ್ಟಿದೆ ಅಂತ. ಹೊಸದು ಹಾಕೋಣ ಅಂದ್ರೆ ಆ ಕಾಲದ್ದು ಈಗ ನನ್ನ ಹತ್ರ ಇಲ್ಲ. ಮ್ಯೂಸಿಯಮ್ಮಿನಲ್ಲಿ ಕೇಳ್ಬೇಕು."

ಎರ್ಗಾಶ್ ಆ ಮಾತಿನಲ್ಲಿ ತನಗೆ ಒಪ್ಪುವ ಭಾಗವನ್ನು ಮಾತ್ರ ಕಿವಿಗೆ ಹಾಕಿಕೊಂಡು ಚಹಾಖಾನೆಗೆ ಬಂದ. ಅಲ್ಲಿ ಕಟ್ಟೆಯ ಮೇಲೆ ಹಾಶಿಮ್ ಒತಾ, ಸಾಬಿತ್ ಮತ್ತು ಅರ್ಧ ಓಣಿ ಕೂತಿತ್ತು.

"ಏನಪ್ಪ ಇಂಜಿನಿಯರ್, ಕಂಪ್ಯೂಟರ್ ಸತ್ತೇಹೋಯ್ತಂತೆ?" ಎಂದ ಸಾಬಿತ್.

"ಸಾಯೋದೇನು ಬಂತು! ರ‍್ಯಾಮ್ ಸ್ವಲ್ಪ ಸಾಲ್ತಿಲ್ಲ, ಅಷ್ಟೇ. ಇನ್ನೊಂದೆರಡು ಸಿಕ್ಕಿದ್ರೆ ಕುದುರೆ ಥರ ಓಡುತ್ತೆ. ನಿಮ್ಮಗಳ ಮನೇಲಿರೋ ಪೆಟ್ಟಿಗೇಲೂ ಇದಾವೆ. ಬೆರಳುದ್ದದ ಹಸಿರು ಪಟ್ಟಿ."

ಅವನು ಸುಮ್ಮನೆ ಜಂಬಕ್ಕೆ ಹೇಳಿದ್ದು. ಆದರೆ ಹಾಶಿಮ್ ಒತಾ ಗಡ್ಡ ನೀವಿಕೊಂಡರು. ಅವರು ಗಡ್ಡ ನೀವಿಕೊಂಡರೆಂದರೆ ಓಣಿಯಲ್ಲಿ ಏನೋ ಒಂದು ಆಗಿಯೇ ತೀರುತ್ತದೆ. ಸಾಬಿತನ ಗೋಡೆ ಬಿದ್ದಾಗಲೂ, ಕಾಲುವೆ ಹೂಳು ತುಂಬಿದಾಗಲೂ ಹೀಗೇ ಆಗಿತ್ತು.

"ನಿನ್ನ ಹೆಂಡ್ತಿಗೆ, ಅದೇ ನಮ್ಮ ಓಣಿ ಸೊಸೆಗೆ, ಶುಕ್ರವಾರ ಏನೋ ಕಳಿಸೋದಿದೆಯಂತಲ್ಲ. ಒಬ್ಬನ ಮನೆ ಕೆಲಸ ನಿಂತಿದ್ರೆ ಓಣಿ ಸುಮ್ನಿರೋದುಂಟಾ? ನಾಳೆ ಬೆಳಗ್ಗೆ ಹಶರ್. ಎಲ್ಲರೂ ತಮ್ಮ ತಮ್ಮ ಪಟ್ಟಿ ತೊಗೊಂಡ್ ಬನ್ನಿ."

ಹಶರ್ ಎಂದರೆ ನಮ್ಮ ಮುಯ್ಯಾಳಿನಂಥದ್ದು. ಊರೆಲ್ಲ ಬಂದು ಕೆಲಸ ಮಾಡಿಕೊಡುತ್ತದೆ, ಕೂಲಿ ಕೇಳುವುದಿಲ್ಲ, ಮನೆಯವನು ಪಲಾವ್ ಹಾಕಬೇಕು. ಕಂಪ್ಯೂಟರಿಗೆ ಹಶರ್ ಕರೆದದ್ದು ಮರ್ಗಿಲಾನಿನ ಚರಿತ್ರೆಯಲ್ಲೇ ಮೊದಲು. ಎರ್ಗಾಶ್ ಬೇಡ ಎನ್ನುವಂತಿರಲಿಲ್ಲ. ಹಶರ್ ಬೇಡ ಎನ್ನುವವನು ನಾಳೆ ಸತ್ತರೆ ಹೊರಲು ಯಾರು ಬರುತ್ತಾರೆ?

ಮರುದಿನ ಅಂಗಳದಲ್ಲಿ ದೊಡ್ಡ ಕಡಾಯಿ ಏರಿತು. ಇಡೀ ಓಣಿಯಲ್ಲಿ ಇನ್ನೂ ಪಟ್ಟಿ ಉಳಿಸಿಕೊಂಡಿದ್ದವರು ಮೂವರು, ಊಟಕ್ಕೆ ಬಂದವರು ಮೂವತ್ತು. ಕೆಲವರು ಗುದ್ದಲಿಯನ್ನೂ ತಂದಿದ್ದರು, ಹಶರ್ ಎಂದ ಮೇಲೆ ಬರಿಗೈಯಲ್ಲಿ ಬರುವುದು ಹೇಗೆ ಎಂದು. ಹಾಶಿಮ್ ಒತಾ ತಮ್ಮ ಪಟ್ಟಿಯನ್ನು ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ತಂದರು. ಸಾಬಿತ್ ಬಿಸಿ ರೊಟ್ಟಿಯ ಮೇಲೆ ಇಟ್ಟು ತಂದ. ಓಯ್ನಿಸಾ ಖಾಲಾ ತಮ್ಮದಕ್ಕೆ ಅಂಟಿದ್ದ ಕೋಳಿಯ ಗರಿ ಬಿಡಿಸುತ್ತ ಬಂದರು.

ಎರ್ಗಾಶ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಒಳಗೆ ನಾಲ್ಕು ಸ್ಲಾಟುಗಳು ಸಾಲಾಗಿದ್ದವು. ಒಂದರಲ್ಲಿ ಮನೆಯದೇ ಪಟ್ಟಿ ಕೂತಿತ್ತು. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು.

"ಒತಾ, ನಿಮ್ಮದು ಕೊಡಿ," ಎಂದು ಎರ್ಗಾಶ್ ಕೈಗೆ ಸಿಕ್ಕ ಸ್ಲಾಟಿಗೆ ಒತ್ತಲು ಹೋದ.

"ನಿಲ್ಲು, ನಿಲ್ಲು," ಎಂದ ಸಾಬಿತ್. "ಅದು ಬಾಗಿಲ ಕಡೆಯ ಜಾಗ ಅಲ್ವಾ?"

ಎಲ್ಲರೂ ಬಗ್ಗಿ ನೋಡಿದರು. ತಂತಿಗಳು ಒಳಗೆ ಬರುವ ಮೂಲೆಯೇ ಬಾಗಿಲು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಗಾದರೆ ಅಲ್ಲಿಂದ ದೂರದ, ಫ್ಯಾನಿನ ಪಕ್ಕದ ಜಾಗವೇ ಗೌರವದ ಸ್ಥಾನ. ಹಿರಿಯರನ್ನು ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸುವ ಮನೆ ಮರ್ಗಿಲಾನಿನಲ್ಲಿ ಇನ್ನೂ ಹುಟ್ಟಿಲ್ಲ. ಎರ್ಗಾಶ್ ಬೆವರೊರೆಸಿಕೊಂಡು ಹಾಶಿಮ್ ಒತಾರ ಪಟ್ಟಿಯನ್ನು ಫ್ಯಾನಿನ ಪಕ್ಕ ಕೂರಿಸಿದ. ಒತಾ 'ಏ, ಎಲ್ಲಾದ್ರೂ ಆಗುತ್ತಪ್ಪ' ಎನ್ನುತ್ತ ಬಾಯ್ತುಂಬ ನಕ್ಕರು.

"ಎರಡನೇದು ನಂದು," ಎಂದ ಸಾಬಿತ್.

"ಯಾಕೋ? ವಯಸ್ಸಲ್ಲಿ ದೊಡ್ಡೋಳು ನಾನು," ಎಂದರು ಓಯ್ನಿಸಾ ಖಾಲಾ.

"ಗಂಡಸರ ಪಂಕ್ತಿ ಮಧ್ಯೆ ಹೆಂಗಸರು ಹೇಗೆ ಖಾಲಾ?"

"ನಿಂಗೆ ಎರಡರ ಮಗ್ಗಿ ಕಲಿಸಿದೋಳು ನಾನು. ಏಳರ ಮಗ್ಗಿ ನಿಂಗೆ ಇವತ್ತಿಗೂ ಬರಲ್ಲ. ಹೇಳ್ಲಾ ಎಲ್ಲರ ಮುಂದೆ?"

ಸಾಬಿತ್ ಮೂರನೆಯ ಸ್ಥಾನಕ್ಕೆ ಒಪ್ಪಿಕೊಂಡ. ಎರ್ಗಾಶ್ ತನ್ನ ಸ್ವಂತ ಪಟ್ಟಿಯನ್ನು ಎಬ್ಬಿಸಿ ಕೊನೆಗೆ, ಬಾಗಿಲ ಬಳಿಯ ಸ್ಲಾಟಿನಲ್ಲಿ ಇಟ್ಟ. ಮನೆಯ ಯಜಮಾನ ಬಾಗಿಲ ಬಳಿ ಕೂತು ಚಹಾ ಬಗ್ಗಿಸುವುದೇ ಪದ್ಧತಿ. ಆ ವಿನಯ ನೋಡಿ ಎಲ್ಲರೂ ತಲೆದೂಗಿದರು. ಒತಾ ಕೈಯೆತ್ತಿ ಪ್ರಾರ್ಥನೆ ಮಾಡಿದರು, ಮೂವತ್ತು ಜನ ಮುಖ ಸವರಿಕೊಂಡು 'ಓಮಿನ್' ಎಂದರು, ಗುಂಡಿ ಒತ್ತಲಾಯಿತು.

ಕಂಪ್ಯೂಟರು ನಿಜವಾಗಿಯೂ ಕುದುರೆಯಂತೆ ಓಡಿತು. ರೋಬಿಯಾಳ ದಾಳಿಂಬೆಗಳು ಕಣ್ಣು ಮಿಟುಕಿಸುವುದರಲ್ಲಿ ಪರದೆಯ ಮೇಲೆ ಅರಳಿದವು. ಜನ ಚಪ್ಪಾಳೆ ತಟ್ಟಿ ಪಲಾವಿಗೆ ಎದ್ದರು. ಅವರು ಕೈತೊಳೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ಪರದೆ ಮತ್ತೆ ನೀಲಿಯಾಯಿತು.

ಎರ್ಗಾಶ್ ಸಿ.ಡಿ. ಹಾಕಿದ. ಪರೀಕ್ಷೆ ಸ್ವಲ್ಪ ದೂರ ಸುಮ್ಮನೆ ನಡೆದು, ಕೊನೆಗೆ ಬರುವಾಗ ಕೆಂಪು ಗೆರೆಗಳನ್ನು ಕಾರಿತು.

"ಯಾರೋ ಕೆಟ್ಟಿದ್ದು ಕೊಟ್ಟಿದಾರೆ," ಎಂದ ಎರ್ಗಾಶ್, ಪಿಸುಮಾತಿನಲ್ಲಿ.

"ಹಾಗಾದ್ರೆ ತೆಗೀರಿ. ನಾಳೆ ಶುಕ್ರವಾರ," ಎಂದಳು ರೋಬಿಯಾ.

"ತೆಗೆಯೋದಾ! ಪ್ರೀತಿಯಿಂದ ತಂದು ಕೂರಿಸಿದ್ದನ್ನ? ನೀನು ನನ್ನನ್ನ ಓಣಿಯಿಂದ ಓಡಿಸ್ಬೇಕು ಅಂತಿದೀಯಾ?"

ಆದರೂ ತೆಗೆಯಲೇಬೇಕಿತ್ತು. ಕಿಟಕಿಯ ಪರದೆ ಎಳೆದು, ಕದ ಹಾಕಿ, ಎರ್ಗಾಶ್ ಕಳ್ಳನಂತೆ ಪಂಕ್ತಿಯಲ್ಲಿ ಕಡೆಯ ಅತಿಥಿಯಾದ ಸಾಬಿತನ ಪಟ್ಟಿಯನ್ನು ತೆಗೆದು ಕಿಟಕಿಯ ಮೇಲಿಟ್ಟ. ಕೆಂಪು ಗೆರೆ ಬಂತು. ಬೇರೆ ಯಾರಾದರೂ ಆಗಿದ್ದರೆ, ಕೆಟ್ಟದ್ದು ಸಾಬಿತನದಲ್ಲ ಎಂದು ತಿಳಿಯುತ್ತಿದ್ದರು. ಎರ್ಗಾಶ್ ತಿಳಿದದ್ದು, ಸಾಬಿತನದರ ಜೊತೆಗೆ ಇನ್ನೊಂದೂ ಕೆಟ್ಟಿದೆ ಎಂದು. ಖಾಲಾರದನ್ನೂ ತೆಗೆದು ಚಹಾದ ಬಟ್ಟಲಿನಲ್ಲಿಟ್ಟ. ಆಗಲೂ ಕೆಂಪು. ಹಾಶಿಮ್ ಒತಾರದನ್ನು ಮುಟ್ಟುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ಅಷ್ಟರಲ್ಲಿ ಕದ ತಟ್ಟಿದ ಸದ್ದು. ಸಾಬಿತ್ ಬಿಸಿ ರೊಟ್ಟಿ ಹಿಡಿದುಕೊಂಡು, "ನಮ್ಮೋನು ಹೇಗಿದಾನೆ ನೋಡ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತ ಒಳಗೇ ಬಂದ. ಬಂದವನ ಕಣ್ಣು ನೇರವಾಗಿ ಕಿಟಕಿಗೆ ಹೋಯಿತು. ಅಲ್ಲಿ ಅವನ ಪಟ್ಟಿ ಎರಡು ಈರುಳ್ಳಿಗಳ ನಡುವೆ ಮಲಗಿತ್ತು.

"ಇದೇನು ಎರ್ಗಾಶ್ ಅಕಾ?"

"ಗಾಳಿಗೆ... ಗಾಳಿಗೆ ಇಟ್ಟಿದೀನಿ. ಸೆಖೆ ಆಗಿತ್ತು ಅದಕ್ಕೆ."

"ಒತಾರದಕ್ಕೆ ಸೆಖೆ ಆಗ್ಲಿಲ್ವಾ? ಅದು ಕೂತೇ ಇದೆಯಲ್ಲ."

ಎರ್ಗಾಶ್ ಗಾಬರಿಯಲ್ಲಿ ಮಾತು ಮರೆಸಲು ಚಹಾ ಬಗ್ಗಿಸಿದ. ಕಣ್ಣು ಕಿಟಕಿಯ ಮೇಲೇ ಇದ್ದುದರಿಂದ ಬಟ್ಟಲು ಅಂಚಿನವರೆಗೂ ತುಂಬಿತು. ಆ ಊರಿನಲ್ಲಿ ಅತಿಥಿಗೆ ಅರ್ಧ ಬಟ್ಟಲು ಹೊಯ್ದರೆ ಗೌರವ, ಮತ್ತೆ ಮತ್ತೆ ಕೇಳಿ ಹಾಕುತ್ತೇನೆ ಎಂದು. ತುಂಬಿ ಹೊಯ್ದರೆ, ಕುಡಿದು ಬೇಗ ಎದ್ದು ಹೋಗು ಎಂದು. ಸಾಬಿತ್ ಆ ತುಂಬಿದ ಬಟ್ಟಲನ್ನು ನೋಡಿದ. ಎರ್ಗಾಶನ ಮುಖ ನೋಡಿದ. ರೊಟ್ಟಿಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಎದ್ದು ಹೋದ.

ತಂದೂರಿನ ಮುಂದೆ ರೊಟ್ಟಿಗೆ ನಿಂತ ಸಾಲಿಗಿಂತ ಒಳ್ಳೆಯ ಸುದ್ದಿಪತ್ರಿಕೆ ಯಾವ ಊರಿನಲ್ಲೂ ಇಲ್ಲ. ಸಂಜೆಯ ಹೊತ್ತಿಗೆ ಸುದ್ದಿ ಬೆಳೆದು ದೊಡ್ಡದಾಗಿತ್ತು. ಎರ್ಗಾಶ್ ಸಾಬಿತನ ಪಟ್ಟಿಯನ್ನು ಈರುಳ್ಳಿಯ ಜೊತೆ ಹುರಿದನಂತೆ. ಓಣಿಯವರು ಕೊಟ್ಟದ್ದೆಲ್ಲ ಕೊಳೆತದ್ದು ಅಂದನಂತೆ. ಓಯ್ನಿಸಾ ಖಾಲಾ ಬಂದು ತಮ್ಮ ಪಟ್ಟಿ ಚಹಾದ ಬಟ್ಟಲಿನಲ್ಲಿರುವುದನ್ನು ಕಂಡು ಎದೆ ಹಿಡಿದುಕೊಂಡರು.

"ಕೋಳಿಗಳು ಕೂಡ ಇದಕ್ಕೆ ಇಷ್ಟು ಅವಮಾನ ಮಾಡಿರಲಿಲ್ಲ ಎರ್ಗಾಶ್. ಕೋಳಿಗಳು ಕೂಡ!"

ಎರ್ಗಾಶನಿಗೂ ರೇಗಿತು. "ಅವಮಾನ ಯಾರು ಮಾಡಿದ್ದು ಖಾಲಾ? ಮೂರೂ ತೆಗೆದು ತೆಗೆದು ನೋಡ್ತಿದೀನಿ, ಯಾವುದು ತೆಗೆದ್ರೂ ಕೆಂಪೇ! ಮೂರೂ ಕೆಟ್ಟಿದಾವೆ ಅಂತಲೇ ಅರ್ಥ!"

ಮೂರನೆಯದನ್ನು ಅವನು ಇನ್ನೂ ಮುಟ್ಟಿಯೇ ಇರಲಿಲ್ಲ. ಆದರೆ ಬಾಯಿಂದ ಬಿದ್ದ ಮಾತು ಖಾಲಾರಿಗಿಂತ ಮೊದಲೇ ಬೀದಿಗಿಳಿದು ಹಾಶಿಮ್ ಒತಾರ ಕಟ್ಟೆ ಹತ್ತಿತು.

ಶುಕ್ರವಾರ ನಮಾಜು ಮುಗಿಸಿ ಒತಾ ನೇರವಾಗಿ ಎರ್ಗಾಶನ ಮನೆಗೆ ಬಂದರು. ಹಿಂದೆ ಸಾಬಿತ್, ಖಾಲಾ, ಅವರ ಹಿಂದೆ ಅಂಗಳದ ಗೋಡೆ ಹತ್ತಿ ಕೂತ ಓಣಿ. ಒತಾ ಕೂರಲಿಲ್ಲ. ಚಪ್ಪಲಿಯನ್ನೂ ಬಿಡಲಿಲ್ಲ. ಮೊಹಲ್ಲಾದ ಹಿರಿಯ ಯಾರದಾದರೂ ಮನೆಯೊಳಗೆ ಚಪ್ಪಲಿ ಬಿಡದೆ ನಿಂತರೆ ಆ ಮನೆಯ ಹುಡುಗರಿಗೆ ಹೆಣ್ಣು ಸಿಗುವುದು ಕಷ್ಟ.

"ಎರ್ಗಾಶ್, ನಾವು ಮೂವರು ಕೊಟ್ಟದ್ದು ಕೆಟ್ಟದ್ದು ಅಂದ್ಯಂತೆ."

"ಒತಾ, ನಾನಲ್ಲ, ಸಿ.ಡಿ. ಹೇಳಿದ್ದು..."

"ಕೆಟ್ಟದ್ದು ನಿನ್ನ ಮನೇಲಿರೋದು ಬೇಡ. ಸಾಬಿತ್, ನಿಂದು ತೊಗೋ. ಓಯ್ನಿಸಾ, ನಿಂದು ತೊಗೋ."

ಒತಾ ಖುದ್ದಾಗಿ ಬಗ್ಗಿ ಗೌರವದ ಸ್ಥಾನದಿಂದ ತಮ್ಮ ಪಟ್ಟಿಯನ್ನು ಕಿತ್ತು ಕರವಸ್ತ್ರದಲ್ಲಿ ಸುತ್ತಿದರು. ರೋಬಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವಳ ಚಳಿಗಾಲವೆಲ್ಲ ಆ ಪೆಟ್ಟಿಗೆಯೊಳಗಿತ್ತು. ಗಂಡನ ಮೇಲೆ ಬಂದ ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು, ಆದರೆ ಹಿರಿಯರ ಮುಂದೆ ಸೊಸೆ ಬಾಯಿ ಬಿಡುವ ಪದ್ಧತಿ ಇರಲಿಲ್ಲ.

"ಈಗ ಹಾಕು ನಿನ್ನ ಸಿ.ಡಿ.," ಎಂದರು ಒತಾ. "ಕೆಟ್ಟದ್ದೆಲ್ಲ ಹೊರಗೆ ಬಂತಲ್ಲ. ಒಳ್ಳೇದು ಹೇಗಿರುತ್ತೆ ಅಂತ ನಾವೂ ನೋಡ್ಕೊಂಡು ಹೋಗ್ತೀವಿ."

ಎರ್ಗಾಶ್ ಎದೆಯುಬ್ಬಿಸಿ ತನ್ನ ಪಟ್ಟಿಯನ್ನು ಬಾಗಿಲ ಬಳಿಯಿಂದ ಎಬ್ಬಿಸಿ, ಈಗ ಬೇರೆ ಯಾರೂ ಇಲ್ಲವಾದ್ದರಿಂದ, ಫ್ಯಾನಿನ ಪಕ್ಕದ ಗೌರವದ ಸ್ಥಾನದಲ್ಲೇ ಕೂರಿಸಿದ. ಸಿ.ಡಿ. ತಿರುಗಿತು. ಗೋಡೆಯ ಮೇಲಿನವರೂ ಕತ್ತು ಚಾಚಿದರು.

ಮೊದಲ ಗೆರೆಯೇ ಕೆಂಪು. ಎರಡನೆಯದೂ ಕೆಂಪು. ಆಮೇಲೆ ಪರದೆ ತುಂಬ ಕೆಂಪು ಇಳಿಯುತ್ತ ಹೋಯಿತು, ಮಗ್ಗದಿಂದ ಬಟ್ಟೆ ಇಳಿದ ಹಾಗೆ, ನಿಲ್ಲುವ ಲಕ್ಷಣವೇ ಇಲ್ಲ.

ಓಯ್ನಿಸಾ ಖಾಲಾ ಮೂವತ್ತು ವರ್ಷ ಪಾಠ ಹೇಳಿದ ದನಿಯಲ್ಲಿ ಕೇಳಿದರು:

"ಎರ್ಗಾಶ್, ನಾಲ್ಕರಲ್ಲಿ ಮೂರು ಕಳೆದ್ರೆ ಎಷ್ಟಪ್ಪ ಉಳಿಯುತ್ತೆ?"

"ಒಂದು, ಖಾಲಾ."

"ಆ ಒಂದು ಯಾರದ್ದು?"

ಎರ್ಗಾಶ್ ಪರದೆ ನೋಡಿದ, ಪೆಟ್ಟಿಗೆ ನೋಡಿದ, ಗೋಡೆಯ ಮೇಲಿನ ತನ್ನ ಪ್ರಮಾಣಪತ್ರ ನೋಡಿದ. "ಒಂಟಿಯಾಗಿ ಕೂತು ಅಭ್ಯಾಸ ಇಲ್ಲ ಅದಕ್ಕೆ..." ಎಂದು ಶುರು ಮಾಡಿದ. ಗೋಡೆಯ ಮೇಲಿನ ಓಣಿ ಬಿದ್ದು ಬಿದ್ದು ನಕ್ಕಿತು. ಗೋಡೆಯಿಂದ ಒಬ್ಬ ನಿಜವಾಗಿಯೂ ಬಿದ್ದ. ಸಾಬಿತನಂತೂ ನಿನ್ನೆಯಿಂದ ತಡೆದಿಟ್ಟ ಸಿಟ್ಟನ್ನೆಲ್ಲ ಒಂದೇ ಸಲ ನಗುತ್ತಿದ್ದ.

"ಮನೆಯೋನದ್ದೇ ಕೆಟ್ಟಿತ್ತು! ಬಂದ ನೆಂಟರನ್ನೆಲ್ಲ ಎಬ್ಬಿಸಿ ಎಬ್ಬಿಸಿ ನೋಡ್ದ, ತಾನು ಮಾತ್ರ ಏಳಲಿಲ್ಲ!"

ಎರ್ಗಾಶ್ ಒತಾರ ಮುಂದೆ ಬಗ್ಗಿ ಎರಡೂ ಕೈ ಎದೆಗಿಟ್ಟುಕೊಂಡ. "ತಪ್ಪಾಯ್ತು ಒತಾ," ಎಂದ. ಬೇರೆ ವಿವರಣೆ ಕೊಡದೆ ಅವನು ಹೇಳಿದ ಮಾತು ಓಣಿಯ ನೆನಪಿನಲ್ಲಿ ಅದೊಂದೇ.

ಒತಾರ ಮುಖ ಸಡಿಲವಾಯಿತು. ಆದರೂ ಅವರು ಬಾಗಿಲ ಕಡೆಗೇ ತಿರುಗಿದರು. ಅವಮಾನವಾದ ಹಿರಿಯರು ಒಂದೇ ಮಾತಿಗೆ ಕರಗಿ ಕೂತರೆ ಹಿರಿತನಕ್ಕೆ ಏನು ಬೆಲೆ? ಸಾಬಿತನೂ ಖಾಲಾರೂ ತಮ್ಮ ತಮ್ಮ ಪಟ್ಟಿ ಹಿಡಿದು ಅವರ ಹಿಂದೆ ಹೆಜ್ಜೆ ಹಾಕಿದರು.

ಆಗ ರೋಬಿಯಾ ಅಡ್ಡ ಬಂದು ನಿಂತಳು.

"ಒತಾ, ಹೋಗ್ಬೇಡಿ. ಸಂಜೆಯೊಳಗೆ ನನ್ನ ವಿನ್ಯಾಸ ತಾಷ್ಕೆಂಟ್ ಮುಟ್ಬೇಕು. ನಿಮ್ಮ ಮೂರೂ ಬೇಕು ನಂಗೆ."

ಓಣಿ ನಗುವುದನ್ನು ನಿಲ್ಲಿಸಿತು. ಸೊಸೆ ಹಿರಿಯರನ್ನು ನೇರವಾಗಿ ನೋಡಿ ಮಾತಾಡಿದ್ದನ್ನು ಅವರು ಕಂಡೇ ಇರಲಿಲ್ಲ. ಒತಾ ಗಡ್ಡಕ್ಕೆ ಕೈ ಹಾಕಿದರು.

"ಕೊಡಬಹುದಮ್ಮ. ಆದ್ರೆ ಇವನದ್ದು ಕೆಟ್ಟಿದೆಯಲ್ಲ, ಅದನ್ನ ತೆಗೆದು ಹೊರಗಿಡ್ಬೇಕು. ಮನೆಯೋನೇ ಇಲ್ಲದ ಮನೇಲಿ ನೆಂಟರು ಕೂರೋದು ಹೇಗೆ? ಪದ್ಧತಿ ಅಂತ ಒಂದಿದೆ."

"ನಾನಿದೀನಲ್ಲ ಒತಾ," ಎಂದಳು ರೋಬಿಯಾ. "ಇದು ನನ್ನ ಮನೆಯೂ ಹೌದು. ಕರೀತಿರೋಳು ನಾನು. ಚಪ್ಪಲಿ ಬಿಟ್ಟು ಒಳಗೆ ಬನ್ನಿ."

ಒತಾ ಗೋಡೆ ಹಿಡಿದುಕೊಂಡು ಒಂದೊಂದಾಗಿ ಚಪ್ಪಲಿ ಬಿಟ್ಟರು. ಸಾಬಿತನೂ ಬಿಟ್ಟ. ಯಾರು ಮೊದಲು, ಯಾರು ಆಮೇಲೆ ಎಂದು ಎರ್ಗಾಶ್ ಬಾಯಿ ತೆರೆಯುವಷ್ಟರಲ್ಲಿ ರೋಬಿಯಾ ಅವನ ಪಟ್ಟಿಯನ್ನು ಕಿತ್ತು ಹೊರಗಿಟ್ಟು, ಆ ಮೂರನ್ನೂ ಈಸಿಕೊಂಡು, ಕೈಗೆ ಬಂದ ಸ್ಲಾಟಿಗೆ ಕೈಗೆ ಬಂದದ್ದನ್ನು ಒತ್ತಿಬಿಟ್ಟಳು. ಖಾಲಾರದು ಫ್ಯಾನಿನ ಪಕ್ಕ ಕೂತಿತು, ಒತಾರದು ಬಾಗಿಲ ಹತ್ತಿರ.

ಸಿ.ಡಿ. ಕೊನೆಯವರೆಗೂ ಓಡಿತು. ಒಂದೇ ಒಂದು ಕೆಂಪು ಗೆರೆ ಬರಲಿಲ್ಲ. ರೋಬಿಯಾ ಕೂತು ಕೊನೆಯ ಅಂಚು ಬರೆದಳು. ಒತಾ, ಸಾಬಿತ್, ಖಾಲಾ ಅವಳ ಹಿಂದೆ ನಿಂತು ಒಂದೊಂದು ದಾಳಿಂಬೆಗೂ 'ಭೇಷ್' ಎನ್ನುತ್ತಿದ್ದರು, ತಾವೇ ಬರೆಯುತ್ತಿರುವ ಹಾಗೆ. ಎರ್ಗಾಶ್ ಬಾಗಿಲ ಬಳಿ ಕೂತು ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ವಿನ್ಯಾಸ ಸಿದ್ಧವಾಯಿತು. ಕಳಿಸುವ ಮುಂಚೆ ಪರದೆ ಒಂದು ಖಾಲಿ ಜಾಗ ತೋರಿಸಿ, ಬರೆದವರ ಹೆಸರು ಕೇಳಿತು. ರೋಬಿಯಾ ಒಂದೊಂದೇ ಅಕ್ಷರ ಒತ್ತಿದಳು. ಒತಾ ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ತುಟಿ ಅಲ್ಲಾಡಿಸುತ್ತ ಓದಿದರು.

"ರೋ... ಬಿ... ಯಾ. ರೋಬಿಯಾ ಮದಮಿನೋವಾ." ಅವರು ಸಾಬಿತನ ಕಡೆ ತಿರುಗಿದರು. "ಯಾರಪ್ಪ ಇದು? ನಮ್ಮ ಓಣಿಯವರಾ?"

ಸಾಬಿತ್ ಖಾಲಾರ ಮುಖ ನೋಡಿದ. ಖಾಲಾ ಎರ್ಗಾಶನ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಅವರೆಲ್ಲರಿಗೂ ಆಕೆ ಎರ್ಗಾಶನ ಹೆಂಡತಿ, ಇಲ್ಲವೇ ಸೊಸೆ.

"ನಾನೇ, ಒತಾ," ಎಂದು ರೋಬಿಯಾ ಕಳಿಸುವ ಗುಂಡಿ ಒತ್ತಿದಳು.